ಯಾರು ಎಂದು ಕೇಳಬೇಡಿ, ಎಲ್ಲಿ ಎಂದು ಕೇಳಿ

ನಮ್ಮ ಕರಾವಳಿಯ ಹುಡುಗ ಹುಡುಗಿಯರು ಈಗ ಎಂ.ಎಸ್.ಡಬ್ಲ್ಯೂ. ಮುಗಿಸಿ ದುಬೈಯ ಲೇಬರ್ ಕ್ಯಾಂಪುಗಳಿಗೆ ವೆಲ್ಫೇರ್ ಆಫೀಸರ್ ಆಗಿ ಬರುತ್ತಿದ್ದಾರೆ. ಆ ಸುದ್ದಿ ಕೇಳಿದಾಗೆಲ್ಲ ನನಗೆ ಕುಣಿಯುವಷ್ಟು ಖುಷಿ. ನಾನು ಸೇರುವಾಗ ಈ ಕೆಲಸಕ್ಕೆ ಓದು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ರಾಸ್ ಅಲ್ ಖೋರ್‌ನ ಒಂದು ವರ್ಕ್‌ಶಾಪಿನಲ್ಲಿ ಸ್ಪೇರ್ ಪಾರ್ಟ್ಸ್ ಕಾಯುತ್ತಿದ್ದವನು ನಾನು. ಕೊಂಕಣಿ, ತುಳು, ಹಿಂದಿ, ಮಲಯಾಳ, ಜೊತೆಗೆ ಮುರುಕು ಅರಬ್ಬಿ ಬರುತ್ತದೆ, ಸಿಟ್ಟು ಬೇಗ ಬಂದರೂ ಬೇಗ ಇಳಿಯುತ್ತದೆ ಎಂಬ ಎರಡೇ ಅರ್ಹತೆ ನೋಡಿ ಒಂದು ಕಟ್ಟಡ ಕಂಪನಿ ನನ್ನನ್ನು ತನ್ನ ಕ್ಯಾಂಪಿಗೆ ಹಾಕಿತು. ಕಾಗದದಲ್ಲಿ ಆ ಜಾಗದ ಹೆಸರು ಮುಹೈಸ್ನಾ, ಜನರ ಬಾಯಲ್ಲಿ ಸೋನಾಪುರ. ಚಿನ್ನದ ಊರು ಎಂದು ಹೆಸರಿಟ್ಟವನ ತಮಾಷೆಗೆ ಕೈಮುಗಿಯಬೇಕು.

ಕೆಲಸ ಏನು? ಎಸಿ ಕೆಟ್ಟರೆ ಫೋನ್ ಮಾಡುವುದು, ತಿಗಣೆ ಬಂದರೆ ಮದ್ದು ಹೊಡೆಸುವುದು, ನೀರು ನಿಂತರೆ ಟ್ಯಾಂಕರ್ ತರಿಸುವುದು, ಜ್ವರ ಬಂದವನನ್ನು ಕ್ಲಿನಿಕ್ಕಿಗೆ ಒಯ್ಯುವುದು. ಇವನ್ನೆಲ್ಲ ನಿಮಗೆ ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರೆ. ಯಾರೂ ಹೇಳಿಕೊಡದ ಒಂದು ಸಂಗತಿ ಇದೆ, ಅದಕ್ಕಾಗಿಯೇ ಇದನ್ನು ಬರೆಯಲು ಕೂತಿದ್ದೇನೆ. ಯುದ್ಧ ಮುಗಿದ ದೇಶಗಳಲ್ಲಿ ಕೆಲಸ ಇರುವುದಿಲ್ಲ. ಹೊಡೆದವನಿಗೂ ಕೆಲಸವಿಲ್ಲ, ಹೊಡೆಸಿಕೊಂಡವನಿಗೂ ಇಲ್ಲ. ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿ ಇಲ್ಲಿಗೆ ಬರುತ್ತಾರೆ. ಅವರವರ ಊರಲ್ಲಿ ಸಂಧಾನದ ಸಭೆ ಸೇರುವ ಮೊದಲೇ ಅವರು ನಮ್ಮ ಕ್ಯಾಂಪಿನ ಮೇಲಿನ ಮಂಚದಲ್ಲೊಬ್ಬ, ಕೆಳಗಿನ ಮಂಚದಲ್ಲೊಬ್ಬ ಮಲಗಿರುತ್ತಾರೆ. ಇಂಥ ಕೆಲಸ ಜಗತ್ತಿನಲ್ಲಿ ಬೇರೆ ಎಲ್ಲಿ ಸಿಗುತ್ತದೆ ಹೇಳಿ!

ನಮ್ಮ ಕ್ಯಾಂಪ್ ಬಾಸ್ ಕಾಪು ಕಡೆಯ ಶೆಟ್ರು. ಕ್ಯಾಂಪ್ ಬಾಸ್ ಎಂದರೆ ಬೀಗ, ಮಂಚ, ಬಸ್ಸು, ಜಗಳ ಎಲ್ಲದರ ಯಜಮಾನ. ನಮ್ಮ ಕಡೆ ತುಳುವರು ಕ್ರಿಶ್ಚನ್ನರನ್ನು ಸಲಿಗೆಯಿಂದ ‘ಪೊರ್ಬುಗಳು’ ಎನ್ನುತ್ತಾರೆ. ನನ್ನ ಹೆಸರು ಸಿಲ್ವೆಸ್ಟರ್ ಎಂಬುದನ್ನು ಶೆಟ್ರು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಮೊದಲ ದಿನವೇ ನನ್ನನ್ನು ಕೂರಿಸಿ ಬುದ್ಧಿ ಹೇಳಿದರು.

“ನೋಡಿ ಪೊರ್ಬುಗಳೇ, ಇಲ್ಲಿ ಮೂರು ಬೇಡ. ರಾಜಕೀಯ ಬೇಡ, ಧರ್ಮ ಬೇಡ, ಕ್ರಿಕೆಟ್ ಬೇಡ. ಬಾಕಿ ಎಂತ ಬೇಕಾದ್ರೂ ಮಾತಾಡ್ಲಿ.”

ಈ ಮೂರನ್ನು ತೆಗೆದರೆ ಗಂಡಸರ ಬಾಯಲ್ಲಿ ಉಳಿಯುವುದು ಸೆಕೆಯ ಮಾತು ಒಂದೇ. ಆದರೂ ಶೆಟ್ರ ಭಯ ಸುಳ್ಳಲ್ಲ. ಈ ದೇಶದಲ್ಲಿ ಗುಂಪು ಕಟ್ಟಿ ರಾಜಕೀಯ ಮಾತಾಡುವಂತಿಲ್ಲ. ಮಾತು ಕ್ಯಾಂಪಿನ ಗೇಟು ದಾಟಿದರೆ ವೀಸಾ ಖಲಾಸ್.

ನನ್ನ ಮೊದಲ ಪಾಠ ಒಂದು ಟಯರಿನಿಂದ ಬಂತು. ಜಾಫ್ನಾ ಕಡೆಯ ಒಬ್ಬ ತಮಿಳು ಪ್ಲಂಬರ್ ಇದ್ದ, ಶ್ರೀಲಂಕಾದ ಸೇನೆಯಲ್ಲಿದ್ದು ಬಂದ ಒಬ್ಬ ಸಿಂಹಳೀಯ ಎಲೆಕ್ಟ್ರಿಷಿಯನ್ ಇದ್ದ. ಒಂದೇ ಬಸ್ಸು, ಒಂದೇ ಸೈಟು, ಆದರೆ ಒಬ್ಬ ಕೂತ ಬೆಂಚಿನಲ್ಲಿ ಇನ್ನೊಬ್ಬ ಕೂರುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೆಸ್ಸಿನ ಹೊರಗೆ ಟ್ಯಾಂಕರಿನ ಟಯರು ಢಮ್ ಎಂದು ಸಿಡಿಯಿತು. ನಾವೆಲ್ಲ ಏನಾಯಿತೆಂದು ನೋಡಲು ಹೊರಗೆ ಓಡಿದೆವು. ಹಿಂದಿರುಗಿ ಬಂದಾಗ ಇವರಿಬ್ಬರು ಮಾತ್ರ ಒಂದೇ ಮೇಜಿನ ಕೆಳಗೆ ತಲೆ ಮುಚ್ಚಿಕೊಂಡು ಕೂತಿದ್ದರು. ಎದ್ದು ಪ್ಯಾಂಟು ಕೊಡವಿಕೊಂಡರು, ಒಬ್ಬರ ಮುಖ ಒಬ್ಬರು ನೋಡಿದರು. ಸಿಂಹಳೀಯನೇ ಮೊದಲು ನಕ್ಕ, ಯುದ್ಧದಲ್ಲಿ ನೀನು ಎಲ್ಲಿದ್ದೆ ಎಂದು ಕೇಳಿದ. ನೀನು ಹಿನ್ನೀರಿನ ಈಚೆ ಇದ್ದರೆ ನಾನು ಆಚೆ ಇದ್ದೆ ಎಂದ ಪ್ಲಂಬರ್. ಅಂದಿನಿಂದ ಅವರ ಬೆಂಚು ಒಂದೇ ಆಯಿತು.

ನಾನು ಎಷ್ಟು ಉಬ್ಬಿಹೋದೆ ಎಂದರೆ, ಈ ರಾಜಿ ಎನ್ನುವುದು ಬಹಳ ಸುಲಭದ ಕೆಲಸ, ಒಟ್ಟಿಗೆ ಹಾಕಿದರೆ ಸಾಕು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ತೀರ್ಮಾನಿಸಿಬಿಟ್ಟೆ. ಒಂದು ಟಯರು ನೋಡಿ ಸಿದ್ಧಾಂತ ಕಟ್ಟಿದ ಮೊದಲ ಮನುಷ್ಯ ನಾನೇ ಇರಬೇಕು.

ಅದರ ಫಲ ಕೊರೊನಾ ಬರುವುದಕ್ಕೆ ಸ್ವಲ್ಪ ಮೊದಲು ಸಿಕ್ಕಿತು. ಕೆಲವೇ ತಿಂಗಳ ಒಂದು ಪ್ರಾಜೆಕ್ಟಿಗೆಂದು ನೇಪಾಳದಿಂದ ಹೊಸಬರ ಒಂದು ತಂಡ ಬಂತು. ಆ ದೇಶದಲ್ಲಿ ಹತ್ತು ವರ್ಷ ಮಾವೋವಾದಿಗಳಿಗೂ ಸರ್ಕಾರಕ್ಕೂ ಒಳಯುದ್ಧ ನಡೆದು ನಿಂತಿತ್ತು ಎಂಬುದು ನನಗೆ ಗೊತ್ತಿತ್ತು, ಪೇಪರಿನಲ್ಲಿ ಓದಿದಷ್ಟು. ಹೊಸಬರಲ್ಲಿ ಪ್ರೇಮ್ ಎಂಬ ಕಬ್ಬಿಣ ಕಟ್ಟುವವನಿದ್ದ, ಮೂವತ್ತರ ಆಸುಪಾಸು, ನಗುಮುಖ. ಊರು ಕೇಳಿದೆ. ಹೇಳಿದ ಜಿಲ್ಲೆಯ ಹೆಸರು ಕೇಳಿ ನನಗೆ ಸ್ವರ್ಗ ಸಿಕ್ಕಷ್ಟು ಸಂತೋಷವಾಯಿತು. ಹಳಬರಲ್ಲಿ ಟೀಕಾರಾಮ್ ಎಂಬ, ಎತ್ತರದ ಅಟ್ಟಣಿಗೆ ಕಟ್ಟುವ ಸ್ಕ್ಯಾಫೋಲ್ಡಿಂಗ್ ಕೆಲಸದವನು ಅದೇ ಜಿಲ್ಲೆಯವನು. ನಲವತ್ತು ದಾಟಿದ, ಮಾತು ಕಡಿಮೆಯ, ಕ್ಯಾಂಪಿನಲ್ಲಿ ಎಲ್ಲರೂ ಗೌರವ ಕೊಡುತ್ತಿದ್ದ ಮನುಷ್ಯ. ತನ್ನ ಜಿಲ್ಲೆಯವರು ಒಬ್ಬರೂ ಇಲ್ಲದೆ ಅವನು ಒಂಟಿಯಾಗಿದ್ದ, ಪಾಪ.

ನಮ್ಮ ಮಂಗಳೂರು, ಉಡುಪಿ ಕಡೆಯವರ ಜಾಯಮಾನ ನಿಮಗೆ ಗೊತ್ತಲ್ಲ. ಮನುಷ್ಯ ಕಂಡ ಕೂಡಲೇ ‘ಊರು ಯಾವುದು’ ಎನ್ನುತ್ತೇವೆ. ಬಜ್ಪೆಯವನೊಬ್ಬ ಕರೆನ್ಸಿ ಎಕ್ಸ್‌ಚೇಂಜಿನ ಕ್ಯೂನಲ್ಲಿ ಸಿಕ್ಕಿದರೆ ಸಂಜೆಗೆ ಮನೆಗೆ ಕರೆದು ಊಟ ಹಾಕುತ್ತೇವೆ. ಊರಿನವನು ಎಂದರೆ ಅರ್ಧ ನೆಂಟ ಎಂಬುದು ನಮಗೆ ಹಾಲಿನ ಜೊತೆ ಬಂದ ನಂಬಿಕೆ. ನಾನು ಶೆಟ್ರ ಹತ್ತಿರ ಓಡಿಹೋಗಿ ಹೇಳಿದೆ, ಶೆಟ್ರು ನನಗಿಂತ ಹೆಚ್ಚು ಖುಷಿಪಟ್ಟರು. ಇಬ್ಬರೂ ಸೇರಿ ಪ್ರೇಮನ ಮಂಚವನ್ನು ಟೀಕಾರಾಮನ ರೂಮಿಗೆ ಹಾಕಿಸಿದೆವು. ಅಷ್ಟೇ ಅಲ್ಲ, ನಾವೇ ನಿಂತು ಪರಿಚಯ ಮಾಡಿಸಿದೆವು. ಟೀಕಾರಾಮ್ ಹಳ್ಳಿಯ ಹೆಸರು ಕೇಳಿದ. ಪ್ರೇಮ್ ಹೇಳಿದ. ಟೀಕಾರಾಮ್ ತಲೆ ಆಡಿಸಿ ಸ್ನಾನಕ್ಕೆ ಹೋದ. ನಾಚಿಕೆ ಮನುಷ್ಯ ಎಂದರು ಶೆಟ್ರು.

ರೂಮಿನಲ್ಲಿ ಅಡುಗೆ ಪಾಳಿ ಇರುತ್ತದೆ, ದಿನಕ್ಕೊಬ್ಬ ಎಲ್ಲರಿಗೂ ಅನ್ನ, ದಾಲ್ ಮಾಡಬೇಕು. ಒಂದು ಸಂಜೆ ರೂಮುಗಳ ಸುತ್ತು ಹಾಕುವಾಗ ಟೀಕಾರಾಮ್ ಅಂಗಡಿಯ ಖುಬ್ಬೂಸ್ ರೊಟ್ಟಿಯನ್ನು ಮೊಸರಿಗೆ ಅದ್ದಿ ತಿನ್ನುತ್ತಿದ್ದ. ಹೊಟ್ಟೆ ಸರಿಯಿಲ್ಲವೇ ಎಂದು ಕೇಳಿದೆ. ಸರಿ ಇದೆ ಸರ್ ಎಂದ. ಮುಂದಿನ ವಾರ ಮತ್ತೆ ಖುಬ್ಬೂಸ್, ಮೊಸರು. ಆಗ ನನ್ನ ತಲೆಗೆ ಹೊಳೆಯಿತು: ಪ್ರೇಮನ ಪಾಳಿಯ ದಿನ ಮಾತ್ರ ಟೀಕಾರಾಮ್ ಖುಬ್ಬೂಸ್ ತಿನ್ನುತ್ತಾನೆ. ಕಿರಿಯರೇ, ಇದೊಂದು ನೆನಪಿಡಿ. ಕಂಪ್ಲೇಂಟ್ ಬಾಕ್ಸ್ ಇರಲಿ, ಈಗಿನ ವಾಟ್ಸಾಪ್ ನಂಬರ್ ಇರಲಿ, ಅದಕ್ಕೆ ಬರುವುದು ಎಸಿಯ ದೂರು. ನಿಜವಾದ ದೂರು ತಟ್ಟೆಯಲ್ಲಿರುತ್ತದೆ. ಊಟದ ಹೊತ್ತಿಗೆ ಹೋಗಿ, ಯಾರು ಯಾರ ಕೈಯ ಅನ್ನ ತಿನ್ನುತ್ತಿಲ್ಲ ನೋಡಿ.

ಶೆಟ್ರಿಗೆ ಹೇಳಿದೆ. ಅವರು ಒಂದು ಪಂಚಾತಿಕೆ ಮಾಡಿಯೇ ಬಿಡುವ ಎಂದರು. ಇಬ್ಬರನ್ನೂ ಆಫೀಸಿಗೆ ಕರೆಸಿದರು, ಚಾ ತರಿಸಿದರು, ಗ್ಲುಕೋಸ್ ಬಿಸ್ಕೆಟ್ ಇಟ್ಟರು. ಏನು ಜಗಳ ಎಂದು ಕೇಳಿದರೆ ಇಬ್ಬರೂ ಜಗಳವೇ ಇಲ್ಲ ಎಂದರು. ಜಗಳವಿಲ್ಲವಾದರೆ ಕೈ ಕುಲುಕಿ ಎಂದರು ಶೆಟ್ರು. ಕುಲುಕಿದರು. ನಾನು ಮೊಬೈಲಿನಲ್ಲಿ ಫೋಟೋ ಹೊಡೆದೆ. ಶೆಟ್ರು ಅದನ್ನು ಪ್ರಿಂಟ್ ತೆಗೆಸಿ ನೋಟಿಸ್ ಬೋರ್ಡಿಗೆ ಅಂಟಿಸಿ, ಕೆಳಗೆ ‘ಒಂದೇ ಕುಟುಂಬ’ ಎಂದು ಹಿಂದಿಯಲ್ಲಿ ಬರೆಸಿದರು. ಬೂದಿ ಮುಚ್ಚಿದ ಕೆಂಡಕ್ಕೆ ಮಾಲೆ ಹಾಕಿದ ಹಾಗಾಯಿತು. ಮರುದಿನ ಬೆಳಗ್ಗೆ ನೋಡಿದರೆ ಟೀಕಾರಾಮ್ ಹಾಸಿಗೆ ಎತ್ತಿಕೊಂಡು ಕಾರಿಡಾರಿನಲ್ಲಿ ಮಲಗಿದ್ದಾನೆ. ರೂಮಿಗೆ ಹೋಗುವುದಿಲ್ಲ, ಬೇಕಾದರೆ ವೀಸಾ ಕ್ಯಾನ್ಸಲ್ ಮಾಡಿ ಎಂದ.

ಅವನಿಗೆ ಎತ್ತರದಲ್ಲಿ ತಲೆ ಸುತ್ತುತ್ತದೆಂದು ಸೈಟಿನಿಂದ ಫೋನ್ ಬಂದದ್ದೂ ಆಗಲೇ. ಕಂಪನಿಯ ವ್ಯಾನಿನಲ್ಲಿ ನಾನೇ ಅವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಅವನಾಗಿಯೇ ಬಾಯಿ ಬಿಟ್ಟ. ಅವನ ಅಣ್ಣ ಹಳ್ಳಿಯ ಶಾಲೆಯ ಮಾಸ್ತರ. ಸರ್ಕಾರಕ್ಕೆ ಸುದ್ದಿ ಕೊಡುತ್ತಾನೆ ಎಂಬ ಅನುಮಾನದ ಮೇಲೆ ಮಾವೋವಾದಿಗಳು ಪಾಠದ ನಡುವೆಯೇ ಎಬ್ಬಿಸಿಕೊಂಡು ಹೋದರು. ಪಕ್ಕದ ಹಳ್ಳಿಯವರನ್ನು ಸೈನಿಕರು ಒಯ್ದ ಕಾಲವೂ ಅದೇ, ಎರಡೂ ಕಡೆಯಿಂದ ಹೋದವರು ಎಷ್ಟೋ ಮಂದಿ. ಅಣ್ಣ ಬರಲಿಲ್ಲ, ಹೆಣವೂ ಬರಲಿಲ್ಲ. ಅತ್ತಿಗೆ ಇಂದಿಗೂ ಹಣೆಯಲ್ಲಿ ಸಿಂಧೂರ ಇಡುತ್ತಾಳೆ, ಇಟ್ಟಾಗೆಲ್ಲ ಅಳುತ್ತಾಳೆ. ಸತ್ತಿದ್ದಾನೆ ಎಂದು ಗೊತ್ತಾಗದೆ ಕ್ರಿಯೆ ಮಾಡುವುದು ಹೇಗೆ ಎಂದು ತಾಯಿ ಒಪ್ಪುವುದಿಲ್ಲ. ಕಾಣೆಯಾದವರ ಆಯೋಗಕ್ಕೆ ಅರ್ಜಿ ಕೊಟ್ಟಿದ್ದಾರೆ, ಅದು ಅಂಥ ಎಷ್ಟೋ ಅರ್ಜಿಗಳ ನಡುವೆ ಇದೆ. ಪರಿಚಯದ ದಿನ ಪ್ರೇಮ್ ಹಳ್ಳಿಯ ಹೆಸರು ಹೇಳಿದನಲ್ಲ, ಅಣ್ಣನನ್ನು ಒಯ್ದದ್ದು ಆ ಹಳ್ಳಿಯ ಗುಂಪು. ನೀನೂ ಅವರ ಜೊತೆ ಇದ್ದೆಯಾ ಎಂದು ಟೀಕಾರಾಮ್ ಆ ರಾತ್ರಿಯೇ ಕೇಳಿದ್ದನಂತೆ, ಇದ್ದೆ ಎಂದು ಪ್ರೇಮ್ ಒಪ್ಪಿಕೊಂಡಿದ್ದನಂತೆ.

“ಅವನ ಕೈಯಲ್ಲಿ ಅಣ್ಣ ಸತ್ತನೋ ಇಲ್ಲವೋ ಗೊತ್ತಿಲ್ಲ ಸರ್. ಗೊತ್ತಾಗುವವರೆಗೆ ಆ ಕೈಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.”

ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೂ ನನಗೆ ಗಾಡಿ ಎತ್ತಲು ಆಗಲಿಲ್ಲ. ಆ ದಿನದಿಂದ ನಾನು ರೂಮು ಕೊಡುವ ರೀತಿಯನ್ನೇ ಬದಲಿಸಿದೆ. ಹೊಸಬ ಬಂದರೆ ‘ಯಾರ ಜೊತೆ ಇರುತ್ತೀ’ ಎನ್ನುವುದನ್ನು ಬಿಟ್ಟು ‘ಯಾರ ಜೊತೆ ಬೇಡ’ ಎಂದು ಕೇಳತೊಡಗಿದೆ. ಕಾರಣ ಕೇಳುತ್ತಿರಲಿಲ್ಲ. ನೀವೂ ಹಾಗೆಯೇ ಕೇಳಿ, ಎಷ್ಟು ವಿಷಯ ಗೊತ್ತಾಗುತ್ತದೆ ನೋಡಿ.

ಅಷ್ಟರಲ್ಲಿ ಪ್ರೇಮನ ಪ್ರಾಜೆಕ್ಟ್ ಮುಗಿಯುತ್ತಾ ಬಂದಿತ್ತು. ಅವನಿಗೆ ಕತಾರ್‌ನಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಅವನು ಹೋದರೆ ಟೀಕಾರಾಮನಿಗೆ ಸಿಗಬಹುದಾದ ಒಂದೇ ಉತ್ತರವೂ ಹೋದಂತೆ. ಜುಮೇರಾ ಲೇಕ್ ಟವರ್ಸ್‌ನಲ್ಲಿದ್ದ ಹೆಡ್ ಆಫೀಸಿಗೆ ಹೋಗಿ ನಮ್ಮ ಎಚ್.ಆರ್. ಮ್ಯಾನೇಜರ್ ನದೀನ್ ಮ್ಯಾಡಂ ಮುಂದೆ ಕೂತೆ. ಅವರು ಲೆಬನಾನ್‌ನವರು, ಬೈರೂತ್ ಊರು. ನಗದೆ ಮಾತಾಡುವ, ಮಾತಾಡದೆ ಹೆದರಿಸುವ ಹೆಂಗಸು. ಪೂರ್ತಿ ಕೇಳಿ, ನಿಮ್ಮ ಕೆಲಸ ಎಸಿ, ನೀರು, ಹಾಸಿಗೆ ಎಂದರು. ಹುತ್ತಕ್ಕೆ ಕೈ ಹಾಕುವುದು ನಿಮ್ಮ ಕೆಲಸವಲ್ಲ ಎಂಬುದು ಅದರ ಅರ್ಥ. ನಾನು ಎದ್ದೆ. ಬಾಗಿಲವರೆಗೆ ಹೋಗಿದ್ದವನನ್ನು ಮತ್ತೆ ಕರೆದರು.

ಅವರು ಹೇಳಿದ್ದನ್ನು ಹೇಳುತ್ತೇನೆ. ಅವರ ದೇಶದಲ್ಲಿ ಯುದ್ಧ ಮುಗಿದಾಗ ಆದದ್ದು ಆಯಿತು ಎಂದು ಕಾನೂನು ಮಾಡಿ ಕ್ಷಮಾದಾನ ಕೊಟ್ಟರು. ಅವರ ಚಿಕ್ಕಪ್ಪನನ್ನು ಒಂದು ಚೆಕ್‌ಪೋಸ್ಟಿನಲ್ಲಿ ಕಾರಿನಿಂದ ಇಳಿಸಿದ್ದರು, ಅಷ್ಟೇ ಗೊತ್ತು. ಅಜ್ಜಿ ಯಾರು ಕೊಂದರು ಎಂದು ಒಂದು ದಿನವೂ ಕೇಳಲಿಲ್ಲ, ಅವನು ಎಲ್ಲಿದ್ದಾನೆ ಎಂದು ಕೇಳಿಕೊಂಡೇ ಸತ್ತಳು.

“ಯಾರು ಎಂದು ಕೇಳಬೇಡಿ,” ಎಂದರು ಮ್ಯಾಡಂ. “ಅದನ್ನು ಕೇಳಲು ಅವರ ದೇಶದಲ್ಲಿ ಕೋರ್ಟು ಇದೆ, ಆಯೋಗ ಇದೆ, ಒಂದು ದಿನ ಕೇಳಲೇಬೇಕು. ನೀವು ಕೇಳಿದರೆ ಅವನು ಬಾಯಿ ಮುಚ್ಚುತ್ತಾನೆ. ನೀವು ಎಲ್ಲಿ ಎಂದು ಮಾತ್ರ ಕೇಳಿ.”

ಆಫೀಸಿನಲ್ಲಿ ಕೇಳಬಾರದು, ಏನನ್ನೂ ಬರೆದುಕೊಳ್ಳಬಾರದು, ಅವನು ಬೇಡವೆಂದರೆ ಅಲ್ಲಿಗೇ ನಿಲ್ಲಿಸಬೇಕು ಎಂದು ಷರತ್ತು ಹಾಕಿದರು. ಲಿಫ್ಟಿನಲ್ಲಿ ಕೆಳಗಿಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಇಷ್ಟು ವರ್ಷ ಕ್ಯಾಂಪಿನಲ್ಲಿ ಕೂತು ನನಗೆ ಹೊಳೆಯದ್ದನ್ನು ಆ ಹೆಂಗಸು ಒಂದು ಮಾತಿನಲ್ಲಿ ಕೊಟ್ಟಿದ್ದರು.

ಆದರೆ ಹೇಗೆ ಕೇಳುವುದು? ಎದುರು ಕೂರಿಸಿಕೊಂಡು ಕೇಳಿದರೆ ಅದು ಪೊಲೀಸ್ ಸ್ಟೇಷನ್ ಆಗುತ್ತದೆ. ನಮ್ಮ ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿದಾಗ ಪಾದ್ರಿಯ ಮುಖ ಕಾಣುವುದಿಲ್ಲ, ನಡುವೆ ಜಾಲರಿ ಇರುತ್ತದೆ. ಆ ಜಾಲರಿ ಇಲ್ಲದಿದ್ದರೆ ಚಿಕ್ಕಂದಿನಲ್ಲಿ ಮಾವಿನಕಾಯಿ ಕದ್ದದ್ದನ್ನೂ ನಾನು ಹೇಳುತ್ತಿರಲಿಲ್ಲ. ಕ್ಯಾಂಪಿನಲ್ಲಿ ಜಾಲರಿ ಎಲ್ಲಿಂದ ತರುವುದು ಎಂದು ಯೋಚಿಸುತ್ತಾ ಅಡುಗೆಮನೆಯ ಮುಂದೆ ಹೋಗುತ್ತಿದ್ದೆ, ಅಲ್ಲೇ ನಿಂತುಬಿಟ್ಟೆ. ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಒಲೆಗಳು ಗೋಡೆಯುದ್ದಕ್ಕೂ ಸಾಲಾಗಿವೆ. ಅಡುಗೆ ಮಾಡುವವರೆಲ್ಲ ಅಕ್ಕಪಕ್ಕ ನಿಂತು ಗೋಡೆಗೆ ಮುಖ ಮಾಡಿರುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ!

ಶುಕ್ರವಾರದ ರಜೆ. ಬಂಗುಡೆ ಕೊಂಡು, ಮಸಾಲೆ ಅರೆದುಕೊಂಡು, ಪಾತ್ರೆ ಹಿಡಿದು ಅಡುಗೆಮನೆಗೆ ನುಗ್ಗಿದೆ. ವೆಲ್ಫೇರ್ ಆಫೀಸರಿಗೆ ಮನೆ ಇಲ್ಲವೇ ಎಂಬಂತೆ ಎಲ್ಲರೂ ನೋಡಿದರು. ಪ್ರೇಮ್ ಆಲೂಗಡ್ಡೆ ಬೇಯಿಸುತ್ತಿದ್ದ. ಅವನ ಪಕ್ಕದ ಒಲೆ ಹಿಡಿದೆ. ಸ್ವಲ್ಪ ಹೊತ್ತು ಮೀನಿನ ಮಾತು, ಉಪ್ಪಿನ ಮಾತು. ಉಳಿದವರು ಪಾತ್ರೆ ಎತ್ತಿಕೊಂಡು ಹೋಗಲಿ ಎಂದು ಕಾದೆ. ಆಮೇಲೆ ಗೋಡೆಯ ಟೈಲ್ಸ್ ನೋಡುತ್ತಾ, ಮೊದಲು ಈ ಮಾತು ಬೇಡವಾದರೆ ಬೇಡ ಎನ್ನು, ನಾನು ಮೀನಿನ ಮಾತಿಗೇ ಹೋಗುತ್ತೇನೆ ಎಂದೆ. ಅವನು ಬೇಡ ಎನ್ನಲಿಲ್ಲ.

“ಪ್ರೇಮ್, ಯಾರು ಅಂತ ನಾನು ಕೇಳುವುದಿಲ್ಲ. ಯಾಕೆ ಅಂತಲೂ ಕೇಳುವುದಿಲ್ಲ. ಟೀಕಾರಾಮನ ಅಣ್ಣ, ಶಾಲೆಯ ಮಾಸ್ತರರು, ಅವರು ಎಲ್ಲಿದ್ದಾರೆ?”

ಅವನು ಒಲೆ ಸಣ್ಣ ಮಾಡಿದ. ಸೌಟು ಆಡುತ್ತಲೇ ಇತ್ತು.

“ಗುಂಡಿ ತೋಡು ಅಂದರು ಸರ್,” ಎಂದ. “ಕಕ್ಕಸಿಗೆ ಅಂತ ತಿಳಿದು ತೋಡಿದೆ.”

ಹದಿನೈದೋ ಹದಿನಾರೋ ಅವನ ವಯಸ್ಸು ಆಗ. ಗುಂಪಿಗೆ ಸೇರಿ ಕೆಲವೇ ತಿಂಗಳಾಗಿತ್ತು. ಗುಂಡಿ ಮುಗಿದ ಮೇಲೆ ಅವನನ್ನು ನೀರು ತರಲು ಕಳಿಸಿದರಂತೆ, ಬಂದಾಗ ಮಣ್ಣು ಮುಚ್ಚು ಎಂದರಂತೆ. ಯುದ್ಧ ನಿಂತ ಮೇಲೆ ಮಾವೋವಾದಿ ಹೋರಾಟಗಾರರನ್ನು ಇಟ್ಟ ಶಿಬಿರದಲ್ಲಿದ್ದ, ಗುಂಪಿಗೆ ಸೇರಿದಾಗ ವಯಸ್ಸು ಸಾಲದಾಗಿತ್ತು ಎಂದು ಅಲ್ಲಿಂದ ಹೊರಗೆ ಕಳಿಸಿದರು. ಊರಿಗೆ ಹೋಗಲು ಹೆದರಿಕೆ, ಹಾಗಾಗಿ ಗಲ್ಫ್. ಸತ್ತವರ ಹೆಸರೂ ಅವನಿಗೆ ಗೊತ್ತಿರಲಿಲ್ಲ, ಯಾರೋ ಮಾಸ್ತರ ಎಂದಷ್ಟೇ ಕೇಳಿದ್ದ. ಅವರೇ ಟೀಕಾರಾಮನ ಅಣ್ಣ ಇರಬಹುದು, ಬೇರೆ ಯಾರೋ ಇರಬಹುದು. ಯಾಕೆ ಹೇಳಲಿಲ್ಲ ಎಂದು ನಾನು ಕೇಳಬಾರದಿತ್ತು, ಬಾಯಿ ತಪ್ಪಿ ಕೇಳಿದೆ.

“ಎಲ್ಲಿ ಅಂತ ನನ್ನನ್ನು ಯಾರೂ ಕೇಳಲಿಲ್ಲ ಸರ್. ಕೇಳಿದವರೆಲ್ಲ ಯಾರು ಯಾರು ಇದ್ದರು ಅಂತ ಕೇಳಿದರು.”

ನನ್ನ ಬಂಗುಡೆ ಅಡಿ ಹಿಡಿದು ಕರಕಲಾಗಿತ್ತು. ಪಾತ್ರೆಯನ್ನು ಹಾಗೆಯೇ ಬಿಟ್ಟು, ಟೀಕಾರಾಮನಿಗೆ ನೀನೇ ಹೇಳುತ್ತೀಯಾ, ನಾನು ಹೇಳಲಾ ಎಂದೆ. ಒಲೆ ಆರಿಸಿ, ಕೈ ತೊಳೆದುಕೊಂಡು, ನಾನೇ ಎಂದ.

ಮುಂದಿನದನ್ನು ಬರೆಯುವಾಗ ಈಗಲೂ ನನ್ನ ಕೈ ಚುರುಕಾಗುತ್ತದೆ. ಬೇರೆ ರೂಮು ಖಾಲಿ ಇಲ್ಲದೆ ಇನ್ನೂ ಕಾರಿಡಾರಿನಲ್ಲೇ ಇದ್ದ ಟೀಕಾರಾಮ್ ಹಾಸಿಗೆಯ ಮೇಲೆ ಕೂತಿದ್ದ. ಪ್ರೇಮ್ ಒಂದು ಮಂಚದಷ್ಟು ದೂರದಲ್ಲಿ ನೆಲದ ಮೇಲೆ ಕೂತ. ದಾಜು, ಅಂದರೆ ಅಣ್ಣ, ಎಂದು ಕರೆದು ಹೇಳಲು ಶುರುಮಾಡಿದ. ಗುಂಡಿ ತೋಡಿದ್ದನ್ನು ಹೇಳಿದಾಗ ಟೀಕಾರಾಮನ ಕೈ ಮುಷ್ಟಿಯಾಯಿತು. ಈಗ ಬಿತ್ತು ಪೆಟ್ಟು ಎಂದು ನಾನು ನಡುವೆ ಹಾರಲು ತಯಾರಾಗಿದ್ದೆ. ಆದರೆ ಪ್ರೇಮ್ ಜಾಗ ಹೇಳತೊಡಗಿದ ಕೂಡಲೇ ಟೀಕಾರಾಮನ ಗಮನವೆಲ್ಲ ಅತ್ತ ಹೋಯಿತು. ಯಾವ ಹೊಳೆ, ಮೇಲಿನದೋ ಕೆಳಗಿನದೋ ಎಂದು ಕೇಳಿದ. ಪ್ರೇಮ್ ಮೊಬೈಲ್ ತೆಗೆದು ಆಕಾಶದಿಂದ ತೆಗೆದ ನಕ್ಷೆ ತೆರೆದ. ಸೋನಾಪುರದ ಕಾರಿಡಾರಿನಲ್ಲಿ ಕೂತು ಇಬ್ಬರೂ ಬೆರಳಿನಿಂದ ನೇಪಾಳದ ಗುಡ್ಡಗಳನ್ನು ದೊಡ್ಡದು ಮಾಡುತ್ತಿದ್ದಾರೆ!

ಅಲ್ಲಿ ಈಗ ರಸ್ತೆ ಬಂದಿದೆ, ಪ್ರೇಮನಿಗೆ ದಿಕ್ಕು ತಪ್ಪಿತು. ಇಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ಇತ್ತಲ್ಲ ಎಂದ. ಅದು ನೆರೆಯಲ್ಲಿ ಹೋಯಿತು, ಅದರ ಜಾಗ ಇದು ಎಂದು ಟೀಕಾರಾಮ್ ಬೆರಳಿಟ್ಟ. ಹಾಗಾದರೆ ಅಲ್ಲಿಂದ ಹತ್ತಬೇಕು, ಬಂಡೆಗೆ ಬಲಕ್ಕೆ ಎಂದ ಪ್ರೇಮ್. ಬಂಡೆ ಎರಡಿವೆ ಎಂದು ಟೀಕಾರಾಮ್ ಜಗಳಕ್ಕೇ ನಿಂತ. ಅಕ್ಕಪಕ್ಕದ ರೂಮಿನವರೆಲ್ಲ ಸುತ್ತ ನಿಂತಿದ್ದರು. ಗಲಾಟೆ ಎಂದು ಓಡಿಬಂದ ಶೆಟ್ರು ನನ್ನ ಭುಜದ ಮೇಲಿಂದ ಇಣುಕಿ ವಿಷಯ ತಿಳಿದುಕೊಂಡರು. ರಾಜಕೀಯ ಬೇಡ ಎಂದವರು ತಾವೇ ಹೋಗಿ ಕಾರಿಡಾರಿನ ಎರಡೂ ಬಾಗಿಲು ಮುಚ್ಚಿ ಬಂದರು. ಕೊನೆಗೆ ಪ್ರೇಮನ ಬೆರಳು ಒಂದು ಹಸಿರು ಚುಕ್ಕೆಯ ಮೇಲೆ ನಿಂತಿತು. ಟೀಕಾರಾಮ್ ಅದನ್ನೇ ನೋಡುತ್ತಾ ಕೂತ.

ಆದರೆ ಅದು ಅವನ ಅಣ್ಣನೇ ಎನ್ನಲು ಏನು ಸಾಕ್ಷಿ? ಆ ಭಾಗದಿಂದ ಹೋದ ಮಾಸ್ತರರು ಒಬ್ಬರೇ ಅಲ್ಲ. ತಪ್ಪು ಮಣ್ಣಿನ ಮುಂದೆ ತಾಯಿಯನ್ನು ಕೂರಿಸಿ ಅಳಿಸಲಾರೆ ಎಂದ ಟೀಕಾರಾಮ್. ಅಂಗಿ ಯಾವ ಬಣ್ಣ, ಕೈಯಲ್ಲಿ ಗಡಿಯಾರ ಇತ್ತೇ ಎಂದು ಕೇಳಿದ. ಪ್ರೇಮನಿಗೆ ನೆನಪಿಲ್ಲ. ನಾನು ಅವರನ್ನು ಸರಿಯಾಗಿ ನೋಡಲಿಲ್ಲ, ನೋಡಲು ಆಗಲಿಲ್ಲ ಎಂದ. ಟೀಕಾರಾಮ್ ಮನೆಗೆ ವೀಡಿಯೋ ಕಾಲ್ ಹಚ್ಚಿದ. ಅತ್ತಿಗೆ ಫೋನ್ ಹಿಡಿದಿದ್ದಳು, ಪಕ್ಕದಲ್ಲಿ ತಾಯಿ. ವಿಷಯವನ್ನು ಮೆಲ್ಲಗೆ ಹೇಳಿದ. ನೇಪಾಳಿ ಮಾತು ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಟೀಕಾರಾಮ್ ಆಮೇಲೆ ಹೇಳಿದ. ತಾಯಿ ಅಳಲಿಲ್ಲ. ಆ ಹುಡುಗನ ಕೈಗೆ ಫೋನ್ ಕೊಡು ಎಂದಳು.

ನನ್ನ ಮಗ ಏನಾದರೂ ಮಾತಾಡಿದನೇ ಎಂದು ತಾಯಿ ಕೇಳಿದಳು.

“ನಾನು ತಲೆ ಎತ್ತದೆ ತೋಡುವಾಗ ಅವರನ್ನು ಪಕ್ಕದಲ್ಲೇ ಕೂರಿಸಿದ್ದರು, ಆಮಾ,” ಎಂದ ಪ್ರೇಮ್. “ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟೆ ಅಂತ ನನ್ನನ್ನು ಕೇಳಿದರು. ಏಳು ಅಂದೆ. ಇದೆಲ್ಲ ಮುಗಿದ ಮೇಲೆ ಎಂಟಕ್ಕೆ ಸೇರಿಕೋ, ತಡವಾಗಿಲ್ಲ ಅಂದರು.”

ಆ ಕಡೆ ಫೋನ್ ಅಲುಗಾಡಿತು. ಸ್ವಲ್ಪ ಹೊತ್ತು ಮನೆಯ ಮಾಡು ಮಾತ್ರ ಕಾಣುತ್ತಿತ್ತು. ಮೊದಲು ಕೇಳಿದ್ದು ಅತ್ತಿಗೆಯ ಧ್ವನಿ. “ಅವರೇ. ಯಾರ ಮಕ್ಕಳನ್ನು ಕಂಡರೂ ಅದನ್ನೇ ಕೇಳುತ್ತಿದ್ದರು.”

ಕಾರಿಡಾರಿನಲ್ಲಿ ಎಷ್ಟೊಂದು ಗಂಡಸರು, ಒಬ್ಬನ ಕಣ್ಣೂ ಒಣಗಿರಲಿಲ್ಲ. ಶೆಟ್ರು ಮೂಗು ಒರೆಸಿಕೊಂಡು ನೀರಿನ ಪಂಪ್ ನೋಡಿ ಬರುತ್ತೇನೆ ಎಂದು ಹೋದರು. ಪಂಪ್ ಸರಿಯಾಗಿಯೇ ಇತ್ತು. ದುಃಖದ ಸುದ್ದಿಗೆ ಇಷ್ಟು ಸಂತೋಷ ಪಡಬಹುದೇ ಎಂದು ನೀವು ಕೇಳಬಹುದು. ಪಡಬಹುದು, ನಾನು ಪಟ್ಟಿದ್ದೇನೆ. ಒಬ್ಬ ಮನುಷ್ಯ ಇಲ್ಲ ಎಂದಾಗಿದ್ದ ಕಡೆಯಿಂದ ಇಲ್ಲಿದ್ದಾನೆ ಎಂಬ ಕಡೆಗೆ ಬಂದಿದ್ದ.

ತಾಯಿ ಕೊನೆಗೆ ಪ್ರೇಮನಿಗೆ ಒಂದೇ ಮಾತು ಹೇಳಿದಳು. ನೀನು ಬಂದು ತೋರಿಸಬೇಕು. ಪ್ರೇಮ್ ಫೋನ್ ಹಿಂದೆ ಕೊಟ್ಟು ರೂಮಿಗೆ ಹೋದ. ಅವನ ಕತಾರ್ ಟಿಕೆಟ್ ತಯಾರಾಗಿತ್ತು. ಊರಿಗೆ ಹೋದರೆ ಹಳ್ಳಿಯವರು ಬಿಡುತ್ತಾರೆಯೇ, ಹಳೆಯ ಸಂಗಾತಿಗಳು ಬಿಡುತ್ತಾರೆಯೇ, ಪೊಲೀಸರು ಏನೆನ್ನುತ್ತಾರೆ? ಹೋಗು ಎನ್ನಲು ನಾನು ಯಾರು? ಎರಡು ದಿನ ನಾನು ಅವನ ರೂಮಿನ ಕಡೆ ತಲೆ ಹಾಕಲಿಲ್ಲ. ಬಹಳ ಕಷ್ಟಪಟ್ಟು ಹಾಕಲಿಲ್ಲ. ಮೂರನೆಯ ದಿನ ಅವನೇ ಆಫೀಸಿಗೆ ಬಂದು, ಸರ್, ಕತಾರ್ ಬೇಡ, ಕಾಠ್ಮಂಡು ಟಿಕೆಟ್ ಮಾಡಿಸಿ ಎಂದ. ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಚಾ ಚೆಲ್ಲಿ ಕೀಬೋರ್ಡ್ ಹಾಳಾಯಿತು.

ನದೀನ್ ಮ್ಯಾಡಂ ಟೀಕಾರಾಮನಿಗೆ ರಜೆ ಮಂಜೂರು ಮಾಡಿ, ನನಗೆ ಫೋನಿನಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಯಾರೂ ಗುದ್ದಲಿ ಹಿಡಿಯಬಾರದು. ಜಾಗ ತೋರಿಸಿ, ಅಲ್ಲಿನ ಅಧಿಕಾರಿಗಳಿಗೆ ತಿಳಿಸಿ, ಆ ಕೆಲಸ ಬಲ್ಲ ತಜ್ಞರು ಬಂದು ಗುಂಡಿ ತೆರೆಯುವವರೆಗೆ ಕಾಯಬೇಕು, ಇಲ್ಲದಿದ್ದರೆ ಸಾಕ್ಷಿಯೂ ಹೋಗುತ್ತದೆ, ಮನುಷ್ಯನೂ ಹೋಗುತ್ತಾನೆ ಎಂದರು. ಇದನ್ನು ಇಬ್ಬರಿಗೂ ಮತ್ತೆ ಮತ್ತೆ ಹೇಳಿ, ಬಾಯಿಪಾಠ ಮಾಡಿಸಿದೆ.

ವಿಮಾನ ನಿಲ್ದಾಣಕ್ಕೆ ಶೆಟ್ರು ವ್ಯಾನ್ ಓಡಿಸಿದರು, ನಾನು ಪಕ್ಕದಲ್ಲಿ. ಹಿಂದಿನ ಎರಡು ಸೀಟಿನಲ್ಲಿ ಅವರಿಬ್ಬರು, ನಡುವೆ ಒಂದು ಬ್ಯಾಗು. ಇಳಿದ ಮೇಲೆ ಪ್ರೇಮ್ ಟ್ರಾಲಿ ತರಲು ಹೋದ. ಆ ಸಂದಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ, ಅವನ ಮೇಲಿನ ಸಿಟ್ಟು ಇಳಿಯಿತೇ ಎಂದು ಟೀಕಾರಾಮನನ್ನು ಕೇಳಿಬಿಟ್ಟೆ. ಶೆಟ್ರು ನನ್ನ ಕಾಲು ತುಳಿದರು.

“ಕ್ಷಮಿಸಿದ್ದೇನೆ ಅಂತ ತಿಳಿಯಬೇಡಿ ಸರ್,” ಎಂದ ಟೀಕಾರಾಮ್. “ದಾರಿ ಗೊತ್ತಿರುವವನು ಅವನೊಬ್ಬನೇ, ಅವನು ಮುಂದೆ ನಡೆಯಲಿ. ನಾನು ಹಿಂದೆಯೇ ಇರುತ್ತೇನೆ. ಊರಿನವರು ಅವನ ಮೇಲೆ ಕೈ ಎತ್ತಿದರೆ ತಡೆಯಲು ಒಬ್ಬ ಬೇಕಲ್ಲ.”

ಪ್ರೇಮ್ ಟ್ರಾಲಿ ತಂದ. ಇಬ್ಬರ ಸಾಮಾನೂ ಅದರಲ್ಲೇ ಹಿಡಿಯಿತು. ಅವನು ಮುಂದೆ ತಳ್ಳಿಕೊಂಡು ಹೋದ, ಟೀಕಾರಾಮ್ ಹಿಂದೆ ಹೋದ.